ಹುಳುವಿಗೆ ತೋರುವ ಮರ್ಯಾದೆ ಮಗುವಿಗೂ ಇರಲಿ



ಶಿಡ್ಲಘಟ್ಟದ ಸುತ್ತಮುತ್ತ ರೇಷ್ಮೆ ಸಾಕುವವರಿಗೆ ಒಂದು ಕಟ್ಟುನಿಟ್ಟಿನ ನಿಯಮ ಗೊತ್ತು: ಹುಳುಮನೆಯೊಳಗೆ ಬೀಡಿ ಹಚ್ಚಬಾರದು, ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು. ಹೊಗೆಸೊಪ್ಪಿನ ನಿಕೋಟಿನ್ ತಾಗಿದ ಎಲೆ ತಿಂದ ಹುಳು ಮೇವು ಬಿಡುತ್ತದೆ, ವಾಂತಿ ಮಾಡುತ್ತದೆ, ಕೊನೆಗೆ ಸಾಯುತ್ತದೆ. ಹಿಪ್ಪುನೇರಳೆ ತೋಟದ ಪಕ್ಕ ಹೊಗೆಸೊಪ್ಪು ಬೆಳೆಯಬಾರದೆನ್ನುವುದೂ ಇದಕ್ಕೇ. ಎಂಥ ಚಟದ ತಂದೆಯೂ ಹುಳು ಹಣ್ಣಾಗಿ ಗೂಡು ಕಟ್ಟುವವರೆಗೆ ಬೀಡಿಯನ್ನು ಬಾಗಿಲಾಚೆ ಇಡುತ್ತಾನೆ. ಅದೇ ತಂದೆ ಮನೆಗೆ ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೀಡಿ ಹಚ್ಚಿದರೆ?

ಬದಲಾದ ಮರ್ಯಾದೆ

ಹಿರಿಯರ ಕಾಲದಲ್ಲೂ ಹೊಗೆಗೆ ಒಂದು ಮರ್ಯಾದೆಯಿತ್ತು. ಅಪ್ಪ ಎದುರಾದರೆ ಮೀಸೆ ಬಂದ ಮಗನೂ ಬೀಡಿಯನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದ. ಅಪ್ಪನಾದರೋ ಮಕ್ಕಳ ನಡುವೆಯೇ ಕುಳಿತು ಸೇದುತ್ತಿದ್ದ. ಅಂಗಡಿಯಿಂದ ಬೀಡಿಕಟ್ಟು ತರಲು ಓಡುತ್ತಿದ್ದವನೂ ಮಗನೇ. ಮರ್ಯಾದೆ ಕಿರಿಯರಿಂದ ಹಿರಿಯರಿಗೆ ಮಾತ್ರ ಸಲ್ಲುತ್ತಿತ್ತು.

ಆ ದಿನಗಳಲ್ಲಿ ಹೊಗೆ ಸೇದಿದವನಿಗಷ್ಟೇ ಕೇಡು ಎಂದು ಜನ ನಂಬಿದ್ದರು. 1981ರಲ್ಲಿ ಜಪಾನಿನ ವೈದ್ಯ ಹಿರಯಾಮ, ಸಿಗರೇಟು ಮುಟ್ಟದ ಹೆಂಡತಿಯರಿಗೂ ಗಂಡನ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುವುದನ್ನು ತೋರಿಸಿದರು. ಅದೇ ಹೊಗೆಯಿಂದ ಮಕ್ಕಳಿಗೆ ಕೆಮ್ಮು, ಕಿವಿಯ ಸೋಂಕು, ಉಬ್ಬಸ ಹೆಚ್ಚುತ್ತವೆಂಬುದೂ ಈಗ ಸ್ಪಷ್ಟವಾಗಿದೆ. ನಮ್ಮ ದೇಶದಲ್ಲಿ 2003ರಲ್ಲಿ ಕಾನೂನು ಬಂತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನದ ನಿಷೇಧ ಬಿಗಿಯಾಯಿತು. ಆದರೆ ಮನೆಯ ಹೊಸ್ತಿಲು ದಾಟಿ ಪೊಲೀಸರು ಬರುವುದಿಲ್ಲ. ಅಲ್ಲಿ ಕಾವಲಿರಬೇಕಾದದ್ದು ಮನಸ್ಸಾಕ್ಷಿ.

ಧರ್ಮಸಭೆಯ ಬೋಧನೆ

1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಐದನೆಯ ಆಜ್ಞೆಯನ್ನು ವಿವರಿಸುವಾಗ, ಸಂಯಮದ ಗುಣವು ದೂರವಿಡಬೇಕಾದ ಅತಿಗಳ ಸಾಲಿನಲ್ಲಿ ತಂಬಾಕನ್ನೂ ಹೆಸರಿಸುತ್ತದೆ (2290). ಆದಾಯ ನಷ್ಟವಾದರೂ ಸರಿಯೆಂದು, ಪೋಪ್ ಫ್ರಾನ್ಸಿಸ್ 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟು ಮಾರಾಟವನ್ನೇ ನಿಲ್ಲಿಸಿದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸೋಣ. ನನ್ನ ಎದೆಗೆ ಸೇರುವ ಹೊಗೆ ಸಂಯಮದ ಪ್ರಶ್ನೆ. ಮಗುವಿನ ಎದೆಗೆ ಸೇರುವ ಹೊಗೆ ನ್ಯಾಯದ ಪ್ರಶ್ನೆ. ಸಂಯಮ ಕಲಿಯಲು ವರ್ಷಗಳು ಹಿಡಿಯಬಹುದು; ಚಟ ಬಿಡುವುದು ಸುಲಭವಲ್ಲ, ಬಿದ್ದವನನ್ನು ದೇವರು ಕೈಬಿಡುವುದೂ ಇಲ್ಲ. ಆದರೆ ನ್ಯಾಯವನ್ನು ನಾಳೆಗೆ ಮುಂದೂಡಲಾಗದು. ಬೀಡಿ ಬಿಡಲು ಇಂದೇ ಆಗದವನೂ ಅದನ್ನು ಮನೆಯಿಂದ ಹೊರಗಿಡಲು ಇಂದೇ ಶಕ್ತ. ಕಿರಿಯರನ್ನು ಕಡೆಗಣಿಸಬಾರದೆಂದು ಯೇಸುಸ್ವಾಮಿ ಎಚ್ಚರಿಸಿದ್ದಾರೆ (ಮತ್ತಾಯ 18:10).

ಮನೆಯವರಿಗೆ ಒಂದು ಮಾತು: ಅಪ್ಪನನ್ನು ನಾಲ್ಕು ಜನರೆದುರು ಹಂಗಿಸಬೇಡಿ. ಹಂಗಿಸಿದರೆ ಆತ ಮತ್ತೊಂದು ಬೀಡಿ ಹಚ್ಚುತ್ತಾನೆ, ಅಷ್ಟೇ. ಒಬ್ಬನೇ ಇದ್ದಾಗ ಪಕ್ಕದಲ್ಲಿ ಕುಳಿತು, "ಅಪ್ಪಾ, ನೀನು ನಮಗೆ ಬೇಕು" ಎನ್ನಿ. ಬಿಡಲು ಮನಸ್ಸು ಮಾಡಿದವರಿಗೆ ಸರ್ಕಾರದ ಉಚಿತ ಸಹಾಯವಾಣಿಯಿದೆ: 1800-11-2356.

ಚಿಂತನೆಗೆ

1. ನಮ್ಮ ಮನೆಯಲ್ಲಿ ಹೊಗೆ ಯಾರ ಯಾರ ಎದೆ ಸೇರುತ್ತಿದೆ?
2. ಬೀಡಿ, ಸಿಗರೇಟು ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸುತ್ತಿದ್ದೇವೆಯೇ?

ಈ ವಾರದ ನಿರ್ಧಾರ: ಹುಳುಮನೆಯ ನಿಯಮವೇ ನಮ್ಮ ಮನೆಯ ನಿಯಮ.