ಮೊದಲ ತೂಕ

ನಮ್ಮದು ಬಾಗಲಕೋಟೆ ಜಿಲ್ಲೆಯ ಹಳ್ಳಿ. ಜಾತ್ರೆಗೆ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ಇದ್ದೇ ಇರುತ್ತದೆ. ಗರಡಿಮನೆಯ ವಸ್ತಾದರು ಕಲಿಸಿದ್ದು ಇಷ್ಟು: ಕಲ್ಲು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ. ಹೆಗಲು ದಾಟಿ ಬೆನ್ನ ಹಿಂದೆ ಬಿತ್ತೆಂದರೆ ಗೆದ್ದಂತೆ. ಹತ್ತೊಂಬತ್ತನೇ ವಯಸ್ಸಿಗೇ ಬೆಳ್ಳಿ ಕಡಗ ತೊಟ್ಟೆ.

ಅದೇ ಹುಮ್ಮಸ್ಸಿನಲ್ಲಿ ಪವರ್‌ಲಿಫ್ಟಿಂಗ್‌ಗೆ ಇಳಿದೆ. ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಒಮ್ಮೆ ಬರೆಸಿದ ತೂಕದಿಂದ ಕೆಳಗಿಳಿಯುವಂತಿಲ್ಲ. ಒಂದು ವಿಭಾಗದಲ್ಲಿ ಮೂರೂ ಕೈತಪ್ಪಿದರೆ ಒಟ್ಟು ಲೆಕ್ಕದಿಂದಲೇ ಹೊರಗೆ.

ಮೊದಲ ರಾಜ್ಯಮಟ್ಟದ ಪಂದ್ಯ, 83 ಕಿಲೊ ವರ್ಗ. ಅಭ್ಯಾಸದಲ್ಲಿ ಒಂದೇ ಒಂದು ಸಲ ಹೊತ್ತು ಕೂತೆದ್ದಿದ್ದ 210 ಕಿಲೊವನ್ನೇ ಮೊದಲಿಗೆ ಬರೆಸಿದೆ. ಎದ್ದೂ ಎದ್ದೆ. ಮೂರೂ ದೀಪ ಕೆಂಪು. ಸೊಂಟ ಮೊಣಕಾಲಿಗಿಂತ ಕೆಳಗೆ ಇಳಿದಿರಲಿಲ್ಲ. ಎರಡನೆಯದೂ ಹಾಗೇ ಆಯಿತು. ಮೂರನೆಯ ಸಲ ಪೂರ್ತಿ ಇಳಿದೆ, ಏಳಲಾಗಲಿಲ್ಲ. ತಪ್ಪು ತೀರ್ಪುಗಾರರದಲ್ಲ, ನನ್ನದೇ. ಬೆಳಿಗ್ಗೆ ಹತ್ತೂವರೆಗೆ ನನ್ನ ಪಂದ್ಯ ಮುಗಿದಿತ್ತು. ಅವ್ವ ಕಟ್ಟಿಕೊಟ್ಟ ರೊಟ್ಟಿಗಂಟನ್ನು ಬಿಚ್ಚದೆಯೇ ಬಸ್ಸು ಹತ್ತಿದೆ.

ವಸ್ತಾದರು ಬೈಯಲಿಲ್ಲ. “ಮೊದಲನೇದು ಮೈಯಾಗ ಜ್ವರ ಇದ್ರೂ ಏಳೂವಂಗ ಇರಬೇಕೋ ತಮ್ಮಾ” ಅಂದರು.

ಆ ಮಾತು ಕಿವಿಗೆ ಬಿತ್ತು, ಮೈಗೆ ಇಳಿಯಲಿಲ್ಲ. ಮರುವರ್ಷ ಡೆಡ್‌ಲಿಫ್ಟ್ ಮಾಡುವಾಗ ಸೊಂಟ ಹಿಡಿಯಿತು. ಕಲ್ಲನ್ನು ಬೆನ್ನು ಬಾಗಿಸಿ ತಬ್ಬಿಕೊಳ್ಳದೆ ಎತ್ತಲಾಗದು. ರಾಡಿನ ರೀತಿಯೇ ಬೇರೆ: ಉಸಿರು ಹೊಟ್ಟೆಗೆ ತುಂಬಿ, ಬೆನ್ನು ಬಿಗಿಹಿಡಿದು, ರಾಡು ಕಾಲಿಗೆ ತಾಗುತ್ತಲೇ ಮೇಲೆ ಬರಬೇಕು. ನಾನು ರಾಡನ್ನೂ ಕಲ್ಲಿನಂತೆಯೇ ಎಳೆದಿದ್ದೆ. ಒಂಬತ್ತು ತಿಂಗಳು ಬಗ್ಗಿ ಕೊಡಪಾನ ಎತ್ತಲೂ ಆಗಲಿಲ್ಲ. ತಮ್ಮನೇ ನನ್ನ ಚಪ್ಪಲಿ ಹಾಕಿಸುತ್ತಿದ್ದ.

ಮತ್ತೆ ಶುರುಮಾಡಿದ್ದು ಒಂದೂ ಪ್ಲೇಟು ಹಾಕದ ಬರೀ ರಾಡಿನಿಂದ, 20 ಕಿಲೊ. ಪಕ್ಕದಲ್ಲಿ ಕಾಲೇಜು ಹುಡುಗರು 120 ಎಳೆಯುತ್ತಿದ್ದರು. ಮೊದಲ ವಾರ ಕನ್ನಡಿ ನೋಡಲಿಲ್ಲ. ಎರಡನೇ ತಿಂಗಳಿಗೆ ಒಂದು ಗೊತ್ತಾಯಿತು: ಹಗುರ ತೂಕದಲ್ಲಿ ಸೊಂಟ ಎಲ್ಲಿ ಜಾರುತ್ತದೆ, ಹಿಮ್ಮಡಿ ಯಾವಾಗ ಏಳುತ್ತದೆ ಎಲ್ಲವೂ ತಿಳಿಯುತ್ತದೆ. ಭಾರದಲ್ಲಿ ಭಾರವಲ್ಲದೆ ಬೇರೇನೂ ತಿಳಿಯುವುದಿಲ್ಲ. ಮುಂದೆ ಏಳು ವರ್ಷ ಆಡಿದೆ. ಒಮ್ಮೆಯೂ ಮೊದಲ ಅವಕಾಶ ತಪ್ಪಲಿಲ್ಲ.

ಈಗ ಊರಲ್ಲೇ ಮಕ್ಕಳಿಗೆ ಹೇಳಿಕೊಡುತ್ತೇನೆ. ಐಸ್‌ಲ್ಯಾಂಡಿನ ಬ್ಯೋರ್ನ್‌ಸನ್ 2020ರಲ್ಲಿ 501 ಕಿಲೊ ಡೆಡ್‌ಲಿಫ್ಟ್ ಮಾಡಿದ ವಿಡಿಯೊವನ್ನು ಅವರೇ ನನಗೆ ತೋರಿಸುತ್ತಾರೆ. ನನಗೂ ಮೈ ಜುಮ್ಮೆನ್ನುತ್ತದೆ. ಆಮೇಲೆ ರಾಡಿನಿಂದ ಪ್ಲೇಟು ತೆಗೆಸುತ್ತೇನೆ.

ಬರುವ ಭಾನುವಾರ 57 ಕಿಲೊ ವರ್ಗದ ಹುಡುಗಿಯೊಬ್ಬಳಿಗೆ ಮೊದಲ ಪಂದ್ಯ. ಸ್ಕ್ವಾಟ್‌ಗೆ ಆಕೆ ಕೇಳಿದ್ದು 100. ಚೀಟಿಯಲ್ಲಿ ನಾನು 85 ಬರೆದಿದ್ದೇನೆ. ನಿನ್ನೆಯಿಂದ ಮಾತಾಡಿಲ್ಲ. ಸಿಟ್ಟಿದ್ದರೆ ಇರಲಿ, ಭಾನುವಾರ ಮಧ್ಯಾಹ್ನ ಆಕೆ ರೊಟ್ಟಿಗಂಟು ಬಿಚ್ಚಿ ಉಣ್ಣಬೇಕು.