ನಂದೂ ಒಂದು ಬರ್ಕೊಳಪ್ಪ

ಮಕ್ಕಳೇ,

ನಮ್ಮೂರಿಗೆ ಕರೆಂಟು ಬರುವ ಮುಂಚೆ ಒಂದು ಪಟ್ಟಿ ಬಂತು. ಚಿತ್ರದುರ್ಗದ ಕಡೆಯ ಸಣ್ಣ ಹಳ್ಳಿ ನಮ್ಮದು. ಅರವತ್ತರ ದಶಕ. ವಿದ್ಯುತ್ ಮಂಡಳಿಯವರೊಬ್ಬರು ಸೈಕಲ್ಲಿನಲ್ಲಿ ಬಂದು ಆಂಜನೇಯನ ಗುಡಿಕಟ್ಟೆಯ ಮೇಲೆ ಕೂತರು. "ಇಂತಿಷ್ಟು ಮನೆಯವರಾದರೂ ಅರ್ಜಿ ಕೊಟ್ಟರೆ ಲೈನು ಎಳೀತೀವಿ. ಇಲ್ಲದಿದ್ದರೆ ಕಂಬ ಪಕ್ಕದೂರಿಗೆ ಹೋಗ್ತವೆ" ಎಂದರು. ನನ್ನ ಅಕ್ಷರ ದುಂಡಗಿತ್ತು. ಹೆಸರು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಊರು ಹಿಂದೆಮುಂದೆ ನೋಡಿತು. ತಿಂಗಳು ತಿಂಗಳು ದುಡ್ಡು ಕಟ್ಟಬೇಕಂತೆ ಎಂದರು ಕೆಲವರು. ಮೊದಲು ಗೌಡರ ಮನೆಗೆ ಬರಲಿ, ಆಮೇಲೆ ನೋಡೋಣ ಎಂದರು ಇನ್ನು ಕೆಲವರು. ಹೊತ್ತು ಇಳಿಯುವಾಗಲೂ ಪಟ್ಟಿಯಲ್ಲಿ ಐದಾರು ಹೆಸರು ಕಡಿಮೆಯಿತ್ತು. ಆಗ ಬೀದಿಯ ಕೊನೆಮನೆಯ ಅಜ್ಜಿ ಕೋಲೂರಿಕೊಂಡು ಬಂದಳು. ಅವಳಿಗೆ ಎರಡೂ ಕಣ್ಣಿಗೆ ಪೊರೆ. ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. "ನಂದೂ ಒಂದು ಬರ್ಕೊಳಪ್ಪ. ನನ್ನಿಂದ ಲೆಕ್ಕ ಕಮ್ಮಿ ಬೀಳೋದು ಬೇಡ" ಎಂದಳು. ಅವಳ ಹಿಂದೆ ಉಳಿದವರೂ ನಾಚಿಕೊಂಡು ಬಂದು ಬರೆಸಿದರು. ಊರಿಗೆ ಕಂಬ ಬಂತು.

ಅಂದು ಆ ಸಾಲು ಬರೆದ ಹುಡುಗ ಮುಂದೆ ಅದೇ ಮಂಡಳಿ ಸೇರಿ, ಮೂರು ದಶಕಕ್ಕೂ ಹೆಚ್ಚು ಕಾಲ ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ನಡುವೆ ಬದುಕು ಸವೆಸಿದ. ಈಗ ಎಪ್ಪತ್ತು ದಾಟಿದ ನಾನು ನಿಮಗೆ ಈ ಕತೆ ಹೇಳುವುದಕ್ಕೆ ಕಾರಣವಿದೆ. ಇಂದು ನಿಮ್ಮ ಮುಂದೆಯೂ ಅಂಥದ್ದೊಂದು ಪಟ್ಟಿ ಇದೆ. ಗಾಳಿಯಿಂದ ಬಂದ ವಿದ್ಯುತ್ತು ಯಾರಿಗೆ ಬೇಕು ಎಂದು ಕೇಳುವ ಪಟ್ಟಿ. ಅದರಲ್ಲಿ ಇನ್ನೂ ಹೆಸರು ಕಡಿಮೆ ಇವೆ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಮ್ಮ ಜಿಲ್ಲೆ ದಾಟುವಾಗ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿ ನೀವು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತೀರಿ. ತೆಗೆಯಿರಿ, ಚೆಂದವಾಗಿಯೇ ಇವೆ. ಕರ್ನಾಟಕದಲ್ಲಿ ಇಂಥ ಯಂತ್ರಗಳ ಒಟ್ಟು ಸಾಮರ್ಥ್ಯ 7,000 ಮೆಗಾವ್ಯಾಟ್ ದಾಟಿದೆ. 2024–25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಗಾಳಿಯಂತ್ರಗಳ ಸಾಮರ್ಥ್ಯವನ್ನು ಹೊಸದಾಗಿ ಸೇರಿಸಿದ್ದು ನಮ್ಮ ರಾಜ್ಯ, 1,300 ಮೆಗಾವ್ಯಾಟಿಗೂ ಮೇಲೆ. ಆದರೆ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಅಂದಾಜು ಮಾಡಿರುವ ಪ್ರಕಾರ, 120 ಮೀಟರ್ ಎತ್ತರದಲ್ಲಿ ನಮ್ಮ ನೆಲದ ಮೇಲೆ ಬೀಸುವ ಗಾಳಿಗೆ 1.2 ಲಕ್ಷ ಮೆಗಾವ್ಯಾಟಿಗಿಂತ ಹೆಚ್ಚಿನ ಶಕ್ತಿಯಿದೆ. ಅದೆಲ್ಲವನ್ನೂ ಹಿಡಿಯಲಾಗದು, ಹಿಡಿಯಲೂಬಾರದು. ಆದರೂ ನಾವು ತೂರಿಕೊಂಡದ್ದು ರಾಶಿಯ ಅಂಚನ್ನು ಮಾತ್ರ.

ಉಳಿದದ್ದು ಯಾಕೆ ಉಳಿಯಿತು? ಗಾಳಿಯಂತ್ರ ಹಾಕಲು ಹೊರಟವನಿಗೆ ಸಾಲ ಕೊಡುವ ಬ್ಯಾಂಕು ಮೊದಲು ಕೇಳುವುದು, "ಮುಂದಿನ ಇಪ್ಪತ್ತು ವರ್ಷ ನಿನ್ನ ಕರೆಂಟನ್ನು ಕೊಳ್ಳುವವರು ಯಾರು?" ಎಂದು. ಕೊಳ್ಳುತ್ತೇನೆ ಎಂದು ಯಾರಾದರೂ ಸಹಿ ಹಾಕಿದರೆ ಕಂಬ ಏಳುತ್ತದೆ. ನಮ್ಮೂರಿನ ಗುಡಿಕಟ್ಟೆಯಲ್ಲಿ ಆದದ್ದೂ ಅದೇ.

ಹಿಂದಿನ ಕಾಲದ ಒಂದು ಸಂಗತಿ ಕೇಳಿ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ರಾಜ್ಯದ ಕರೆಂಟೆಲ್ಲ ಹೆಚ್ಚುಕಡಿಮೆ ನೀರಿನದೇ. ಶರಾವತಿ ನಮ್ಮನ್ನೆಲ್ಲ ಸಾಕುತ್ತಿದ್ದಳು. ಮಳೆಗಾಲದಲ್ಲಿ ಬೆಳಗಿನ ಪೇಪರು ಬಂದ ತಕ್ಷಣ ನಮ್ಮ ಕಣ್ಣು ಹೋಗುತ್ತಿದ್ದದ್ದು ಲಿಂಗನಮಕ್ಕಿ ಜಲಾಶಯದ ಮಟ್ಟಕ್ಕೆ. 1,819 ಅಡಿ ತುಂಬಿದರೆ ಆ ವರ್ಷ ನಮಗೆ ನಿದ್ದೆ. ತುಂಬದಿದ್ದರೆ ಬೇಸಿಗೆಯಿಡೀ ಜನರ ಬೈಗುಳ. ಒಂದೇ ಹೊಳೆಯನ್ನು ನಂಬಿದ್ದರ ಕಷ್ಟ ಅದು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾದಾಗ ನಾವು ನಿಟ್ಟುಸಿರು ಬಿಟ್ಟೆವು. ಹಾಗೆ ಬಿಟ್ಟದ್ದು ತಪ್ಪಲ್ಲ. ಆದರೆ ಆ ನೆಮ್ಮದಿಯಲ್ಲೇ ಕಲ್ಲಿದ್ದಲಿಗೆ ಒಗ್ಗಿಹೋದೆವು. ಆ ತಪ್ಪು ನಮ್ಮ ತಲೆಮಾರಿನದು, ಒಪ್ಪಿಕೊಳ್ಳುತ್ತೇನೆ.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ತೆಗೆಯಲು ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ತಿಂಗಳಿಗೆ 200 ಯೂನಿಟ್ ಉರಿಸುವ ಮನೆಗೆ 140 ಕೆ.ಜಿ. ಅಂದರೆ ಪ್ರತಿ ತಿಂಗಳೂ ಒಬ್ಬ ಹಮಾಲಿ ನಿಮ್ಮ ಬಾಗಿಲಿಗೆ ಹತ್ತಿರಹತ್ತಿರ ಮೂರು ಮೂಟೆ ಕಲ್ಲಿದ್ದಲು ತಂದು ಇಳಿಸಿ, ಹೋಗುವಾಗ ಒಂದು ಮೂಟೆ ಬೂದಿಯನ್ನು ನಿಮ್ಮ ಅಂಗಳದಲ್ಲೇ ಬಿಟ್ಟು ಹೋದ ಹಾಗೆ. ಅದನ್ನು ಕಣ್ಣಾರೆ ಕಂಡಿದ್ದರೆ ನೀವು ಯಾರೂ ಸುಮ್ಮನಿರುತ್ತಿರಲಿಲ್ಲ. ನಿಮಗೆ ಕಾಣುವುದು ಸ್ವಿಚ್ಚು ಮಾತ್ರ. ಬೂದಿ ಕಾಣುವುದು ಸ್ಥಾವರದ ಪಕ್ಕದ ಹಳ್ಳಿಗಳಿಗೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನನಗೆ ಇನ್ನೊಂದು ಆತಂಕ. ಬಡವರ ಮನೆಗೆ ಅದು ಆಸರೆ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಬಿಲ್ಲಿನಲ್ಲಿ ಸೊನ್ನೆ ಕಂಡ ಕೂಡಲೇ ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಾಣುತ್ತಿದ್ದೇನೆ. ಬಿಲ್ಲು ಸೊನ್ನೆಯಾದರೆ ಮೂಟೆ ಸೊನ್ನೆಯಾಗುವುದಿಲ್ಲ, ಮಕ್ಕಳೇ. ಹಳೆಯ ಫ್ಯಾನು 75 ವ್ಯಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಗಾಳಿಯ ಕರೆಂಟು ಕೇಳುವ ಮುಂಚೆ ಮನೆಯ ಸೋರಿಕೆ ನಿಲ್ಲಿಸಿ. ತೂತಿನ ಕೊಡಕ್ಕೆ ಯಾವ ಬಾವಿಯ ನೀರು ತುಂಬಿದರೂ ಅಷ್ಟೇ.

"ತಾತ, ಸೋಲಾರ್ ಇದೆಯಲ್ಲ?" ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಇದೆ, ಅದೂ ಬೇಕು. ಆದರೆ ಆಷಾಢವನ್ನು ನೆನೆಯಿರಿ. ಮೋಡ ಕವಿದು ವಾರಗಟ್ಟಲೆ ಬಿಸಿಲು ಕಾಣದ ದಿನಗಳಲ್ಲೇ ನಮ್ಮ ಬಯಲಿನ ಗಾಳಿ ಹೆಂಚು ಹಾರಿಸುವ ಹಾಗೆ ಬೀಸುತ್ತದೆ. ಸೂರ್ಯ ಮುಳುಗಿ ಊರೆಲ್ಲ ದೀಪ ಹಚ್ಚುವ ಹೊತ್ತಿಗೂ ಗಾಳಿಯಂತ್ರ ದುಡಿಯುತ್ತಿರುತ್ತದೆ. ಗಾಳಿಗೂ ಬಿಡುವಿನ ತಿಂಗಳುಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಮಳೆಗಾಲ ಕಳೆದ ಮೇಲೆ ಅದು ಇಳಿಯುತ್ತದೆ. ಆದ್ದರಿಂದಲೇ ನೀರು, ಬಿಸಿಲು, ಗಾಳಿ ಮೂರೂ ಸೇರಿ ಸಂಸಾರ ತೂಗಬೇಕು. 2023ರ ಬರದಲ್ಲಿ ಅಣೆಕಟ್ಟುಗಳು ಸೊರಗಿದಾಗ, ಪಂಪ್‌ಸೆಟ್ಟಿಗೆ ಕರೆಂಟಿಲ್ಲದೆ ರೈತರು ಬೀದಿಗಿಳಿದದ್ದನ್ನು ನೀವೂ ನೋಡಿದ್ದೀರಿ.

ಕೆಲವರು ಕೇಳುತ್ತಾರೆ: "ನಾನು ದುಡ್ಡು ಕೊಟ್ಟರೂ ಅದೇ ತಂತಿಯಲ್ಲಿ ಅದೇ ಕರೆಂಟು ತಾನೇ ಬರೋದು?" ಸರಿಯಾದ ಪ್ರಶ್ನೆ. ನಿಮ್ಮೂರ ಹಾಲಿನ ಡೇರಿಯನ್ನು ನೆನೆಯಿರಿ. ನಿಮ್ಮ ಎಮ್ಮೆಯ ಹಾಲು ಊರಿನವರೆಲ್ಲರ ಹಾಲಿನ ಜೊತೆ ಒಂದೇ ಕ್ಯಾನಿಗೆ ಬೀಳುತ್ತದೆ. ಪೇಟೆಯ ಪ್ಯಾಕೆಟ್ಟಿನಲ್ಲಿ ನಿಮ್ಮ ಎಮ್ಮೆಯದು ಯಾವುದೆಂದು ಯಾರೂ ಹೇಳಲಾರರು. ಆದರೂ ಪುಸ್ತಕದಲ್ಲಿ ನಿಮ್ಮ ಲೀಟರು ಬರೆದಿರುತ್ತದೆ, ದುಡ್ಡು ನಿಮಗೆ ಸೇರುತ್ತದೆ. ಗಾಳಿ ವಿದ್ಯುತ್ತೂ ಹಾಗೆಯೇ. ಗ್ರಿಡ್ಡಿನಲ್ಲಿ ಎಲ್ಲ ಬೆರೆಯುತ್ತದೆ. ನೀವು ಕೇಳಿದಷ್ಟು ಯೂನಿಟ್ಟನ್ನು ಹಸಿರು ಮೂಲದಿಂದ ಕೊಂಡು ತುಂಬುವ ಹೊಣೆ ಮಾತ್ರ ವಿದ್ಯುತ್ ವಿತರಣಾ ಕಂಪನಿಯ ಮೇಲೆ ಬೀಳುತ್ತದೆ.

ಇದು ಕನಸಿನ ಮಾತಲ್ಲ. ಮಹಾರಾಷ್ಟ್ರದಲ್ಲಿ 2021ರಲ್ಲೇ ವಿದ್ಯುತ್ ನಿಯಂತ್ರಣ ಆಯೋಗ ಮನೆಯವರನ್ನೂ ಸೇರಿಸಿ ಎಲ್ಲ ಗ್ರಾಹಕರಿಗೂ ದಾರಿ ತೆರೆಯಿತು: ಆಗಿನ ದರದಂತೆ ಯೂನಿಟ್ಟಿಗೆ 66 ಪೈಸೆ ಹೆಚ್ಚು ಕೊಟ್ಟರೆ ಪೂರ್ತಿ ಬಳಕೆ ಹಸಿರಾಗುತ್ತಿತ್ತು. ನಮ್ಮಲ್ಲಿಯೂ ಹೈಟೆನ್ಷನ್ ಸಂಪರ್ಕದ ಕಾರ್ಖಾನೆ, ವಾಣಿಜ್ಯ ಗ್ರಾಹಕರಿಗೆ ಹಸಿರು ದರವಿದೆ. ಕೇಂದ್ರದ 2022ರ ನಿಯಮಗಳು ಹಸಿರು ವಿದ್ಯುತ್ತನ್ನು ಆರಿಸಿ ಕೊಳ್ಳಲು 1 ಮೆಗಾವ್ಯಾಟ್ ಇದ್ದ ಮಿತಿಯನ್ನು 100 ಕಿಲೊವ್ಯಾಟಿಗೆ ಇಳಿಸಿದವು. ಮಂಜೂರಾದ ಲೋಡು ಅಷ್ಟಿದ್ದರೆ ನಿಮಗೆ ಬೇಕಾದಷ್ಟು ಪಾಲನ್ನು ಹಸಿರು ವಿದ್ಯುತ್ತಾಗಿ ಕೇಳಬಹುದು. ಸೋಲಾರ್ ಬೇರೆ, ಸೋಲಾರ್ ಅಲ್ಲದ್ದು ಬೇರೆ ಎಂದೂ ಬೇಡಿಕೆ ಇಡಬಹುದು. ಕನಿಷ್ಠ ಒಂದು ವರ್ಷಕ್ಕೆ ಮಾತು ಕೊಡಬೇಕು, ಅಷ್ಟೆ. ಕಲ್ಯಾಣಮಂಟಪ, ಆಸ್ಪತ್ರೆ, ಕಾಲೇಜು, ಐಸ್ ಫ್ಯಾಕ್ಟರಿ, ದೊಡ್ಡ ಅಪಾರ್ಟ್‌ಮೆಂಟು ಇಂಥ ಎಷ್ಟೋ ಕಡೆ ಈ ಲೋಡು ಇದೆ. ಕೇಳುವವರಿಲ್ಲ.

ವ್ಯಾಪಾರ ನಡೆಸುವ ಮಕ್ಕಳಿಗೆ ಇನ್ನೊಂದು ಹಾದಿಯಿದೆ. ನಾಲ್ಕಾರು ಉದ್ಯಮಗಳು ಸೇರಿ ಒಂದು ಗಾಳಿ ಸ್ಥಾವರದಲ್ಲಿ ಕನಿಷ್ಠ ಶೇ 26ರಷ್ಟು ಪಾಲು ಕೊಂಡು, ಅಲ್ಲಿ ಹುಟ್ಟಿದ ಕರೆಂಟಿನಲ್ಲಿ ಕನಿಷ್ಠ ಶೇ 51ರಷ್ಟನ್ನು ತಾವೇ ಬಳಸಿದರೆ, ಕಾನೂನಿನ ಲೆಕ್ಕದಲ್ಲಿ ಅದು ಸ್ವಂತ ಸ್ಥಾವರ. ಆಗ ಹೊರಗಿನಿಂದ ಕರೆಂಟು ಕೊಳ್ಳುವವರ ಮೇಲೆ ಬೀಳುವ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ತಪ್ಪುತ್ತದೆ. ಯಂತ್ರ ಗದಗದ ಹೊಲದಲ್ಲಿ ತಿರುಗಿದರೂ ಲೆಕ್ಕ ಬೆಂಗಳೂರಿನ ಪೀಣ್ಯದ ಶೆಡ್ಡಿನ ಮೀಟರಿಗೆ ಬೀಳುತ್ತದೆ.

ಇದೆಲ್ಲ ದೊಡ್ಡವರ ಆಟ ಎನ್ನಬೇಡಿ. ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳ್ಯದ ಬಳಿ ಓಡಂತುರೈ ಎಂಬ ಪಂಚಾಯಿತಿಯಿದೆ. ಬೀದಿದೀಪ, ನೀರಿನ ಪಂಪುಗಳ ಬಿಲ್ಲು ಕಟ್ಟಿ ಸಾಕಾದ ಆ ಪಂಚಾಯಿತಿ 2006ರಲ್ಲಿ ತನ್ನ ಉಳಿತಾಯಕ್ಕೆ ಬ್ಯಾಂಕಿನ ಸಾಲ ಸೇರಿಸಿ ಸುಮಾರು ಒಂದೂವರೆ ಕೋಟಿ ರೂಪಾಯಿಯಲ್ಲಿ 350 ಕಿಲೊವ್ಯಾಟಿನ ಗಾಳಿಯಂತ್ರ ಕೊಂಡಿತು. ತಮ್ಮೂರಲ್ಲಿ ಗಾಳಿ ಸಾಲದೆಂದು ಅದನ್ನು ನಿಲ್ಲಿಸಿದ್ದು ನೂರು ಕಿ.ಮೀ.ಗೂ ಆಚೆ. ಊರಿನ ಅಗತ್ಯ ಕಳೆದು ಉಳಿದ ಕರೆಂಟನ್ನು ಮಾರಿ ಸಾಲ ತೀರಿಸಿದರು. ಡೆನ್ಮಾರ್ಕಿನ ಕೋಪನ್‌ಹೇಗನ್ ಮುಂದಿನ ಸಮುದ್ರದಲ್ಲಿ 2000ನೇ ಇಸವಿಯಿಂದ ನಿಂತಿರುವ ಮಿಡಲ್‌ಗ್ರುಂಡನ್‌ನ 20 ಯಂತ್ರಗಳಲ್ಲಿ ಹತ್ತು ಒಂದು ಸಹಕಾರ ಸಂಘದ್ದು. ಅದರ ಸಾವಿರಾರು ಸದಸ್ಯರು ನಿಮ್ಮ ನನ್ನಂಥ ಸಂಸಾರಸ್ಥರು. ಹಾಲಿಗೆ, ಸಾಲಕ್ಕೆ, ಅಡಿಕೆಗೆ ಸಂಘ ಕಟ್ಟಿದ ನಾಡು ನಮ್ಮದು. ಗಾಳಿಗೆ ಕಟ್ಟಲಾರದೇ?

ಇನ್ನು ಎರಡು ಎಚ್ಚರಿಕೆ. ನಮ್ಮಪ್ಪ ಓದಲು ಬಾರದವರು. ಸಾಹುಕಾರ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಎರಡೆಕರೆ ಕಳೆದುಕೊಂಡರು. ನೀವು ಓದಿದವರು, ಆದರೂ ಮೊಬೈಲಿನಲ್ಲಿ "ಒಪ್ಪಿದೆ" ಎಂಬ ಗುಂಡಿಯನ್ನು ಓದದೆ ಒತ್ತುತ್ತೀರಿ. ಅದೂ ಹೆಬ್ಬೆಟ್ಟೇ. ಕರಾರಿಗೆ ಸಹಿ ಹಾಕುವ ಮುಂಚೆ ಎಷ್ಟು ವರ್ಷದ ಮಾತು, ತಂತಿ ಬಳಸುವ ವೀಲಿಂಗ್ ಮತ್ತು ಮಿಕ್ಕ ಕರೆಂಟನ್ನು ಲೆಕ್ಕದಲ್ಲಿ ಕೂಡಿಡುವ ಬ್ಯಾಂಕಿಂಗ್ ಶುಲ್ಕ ಎಷ್ಟು, ನಡುವೆ ಬಿಟ್ಟರೆ ದಂಡವೇನು ಎಂದು ಬೆರಳಿಟ್ಟು ಓದಿ. ಯಂತ್ರ ಯಾವ ನೆಲದ ಮೇಲೆ ನಿಂತಿದೆ, ಹೊಲ ಕೊಟ್ಟ ರೈತನಿಗೆ ಬಾಡಿಗೆ ನ್ಯಾಯವಾಗಿ ಸಂದಿದೆಯೇ, ಕಾಡು ಕಡಿದರೇ ಎಂದೂ ಕೇಳಿ. ನಿಮ್ಮ ಮನೆಯ ದೀಪಕ್ಕೆ ಇನ್ನೊಬ್ಬರ ಗುಡ್ಡ ಬೋಳಾಗಬಾರದು.

ಎರಡನೆಯದು ಆತುರ. ನಮ್ಮ ಬೀದಿಯ ಹುಡುಗನೊಬ್ಬ ಯಾರದೋ ಮಾತು ನಂಬಿ ಮನೆಯ ತಾರಸಿಯ ಮೇಲೆ ಪುಟ್ಟ ಗಾಳಿಯಂತ್ರ ಕೂರಿಸಿದ. ಒಂದು ಕಡೆ ಮೂರಂತಸ್ತಿನ ಮನೆ, ಇನ್ನೊಂದು ಕಡೆ ತೆಂಗಿನ ಮರ. ಯಂತ್ರ ಅತ್ತಿತ್ತ ಮುಖ ತಿರುಗಿಸುತ್ತಾ ಕಿರುಗುಟ್ಟಿದ್ದೇ ಬಂತು, ಬ್ಯಾಟರಿ ತುಂಬಲಿಲ್ಲ. ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಎಂಟನೇ ಒಂದು ಭಾಗಕ್ಕೆ ಬೀಳುತ್ತದೆ. ಊರೊಳಗಿನ ಗಾಳಿ ಗೋಡೆಗಳಿಗೆ ಬಡಿದು ಮುರಿದ ಗಾಳಿ. ಕಣವನ್ನು ಅಡುಗೆಮನೆಯಲ್ಲಿ ಮಾಡುವುದಿಲ್ಲವಲ್ಲ? ಯಂತ್ರ ಗಾಳಿಯಿರುವ ಬಯಲಿನಲ್ಲಿ ನಿಲ್ಲಲಿ, ನಿಮ್ಮ ಹೆಸರು ಅದರ ಲೆಕ್ಕದಲ್ಲಿರಲಿ.

ನೀವು ನಾಳೆಯೇ ಮಾಡಬಹುದಾದದ್ದು ಇಷ್ಟು. ಈ ತಿಂಗಳ ಬಿಲ್ಲು ತೆಗೆದು ಮಂಜೂರಾದ ಲೋಡು ಎಷ್ಟೆಂದು ನೋಡಿ. ಅಪಾರ್ಟ್‌ಮೆಂಟಿನವರಾದರೆ ಮುಂದಿನ ಸಭೆಯಲ್ಲಿ ಲಿಫ್ಟು, ಪಂಪುಗಳ ಕರೆಂಟನ್ನು ಗಾಳಿಯದು ಮಾಡೋಣವೇ ಎಂದು ಎದ್ದು ನಿಂತು ಕೇಳಿ. ಕೆಲಸದಲ್ಲಿರುವವರು ಮಾಲೀಕರಿಗೆ ಲೆಕ್ಕ ಹಾಕಿ ತೋರಿಸಿ. ಚಿಕ್ಕ ಮನೆಯವರು ನಿಮ್ಮ ಎಸ್ಕಾಂ ಕಚೇರಿಗೆ ಹೋಗಿ, "ನಮಗೂ ಇಂಥ ಅವಕಾಶ ಬೇಕು" ಎಂದು ಕಾಗದ ಕೊಟ್ಟು ಸ್ವೀಕೃತಿ ಪಡೆಯಿರಿ. ದರ ತೀರ್ಮಾನಿಸುವ ಮುಂಚೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕರ ಅಹವಾಲು ಕೇಳುತ್ತದೆ. ಆ ಸಭೆಗಳಲ್ಲಿ ನಾನು ಕಂಡದ್ದು ಹೆಚ್ಚಾಗಿ ನರೆತ ತಲೆಗಳನ್ನೇ. ನೀವು ಬನ್ನಿ. ಕಚೇರಿಯೊಳಗೆ ಕೂತು ಬಲ್ಲವನಾಗಿ ಹೇಳುತ್ತೇನೆ, ಹತ್ತು ಕಾಗದ ಬಂದರೆ ಫೈಲು ತೆರೆಯುತ್ತದೆ. ನೂರು ಬಂದರೆ ಅದು ಮೇಲಿನ ಮೇಜಿಗೆ ಹೋಗುತ್ತದೆ.

ನಮ್ಮೂರಿಗೆ ಕರೆಂಟು ಬಂದ ಸಂಜೆ ಅಜ್ಜಿಯ ಮನೆಯ ಬಲ್ಬು ಹೊತ್ತಿದಾಗ ನಾನು ಅಲ್ಲೇ ಇದ್ದೆ. ಅವಳು ಅದರ ಕಡೆ ಮುಖವೆತ್ತಿ, "ಹತ್ತಿತೇನಪ್ಪ?" ಎಂದು ಕೇಳಿದಳು. ಹತ್ತಿತು ಅಜ್ಜಿ ಎಂದೆ. ಬೀದಿಯ ಮಕ್ಕಳೆಲ್ಲ ಪುಸ್ತಕ ಹಿಡಿದು ಅವಳ ಜಗಲಿಗೆ ಬಂದರು. ತಾನು ಕಾಣದ ಬೆಳಕಿಗೆ ಅವಳು ಹೆಸರು ಬರೆಸಿದ್ದಳು. ಇಂದು ನೀವು ಬೇಡುವ ಗಾಳಿಯ ಕರೆಂಟಿನಿಂದ ತಿಳಿಯಾಗುವ ಆಕಾಶವನ್ನು ಪೂರ್ತಿ ನೋಡುವುದಕ್ಕೆ ನಾನಿರುವುದಿಲ್ಲ. ಆದರೂ ನಿಮ್ಮ ಪಟ್ಟಿ ಹೊರಟಾಗ ನನ್ನ ಬಾಗಿಲು ತಟ್ಟಿ. ನಂದೂ ಒಂದು ಬರ್ಕೊಳ್ಳಿ.