ಎರಡು ಹಳದಿ ಚುಕ್ಕೆಯ ಚೆಂಡು: ಒಂದು ಅಭ್ಯಾಸ ಪಾಠದ ಅನುಭವ

ಕುಷ್ಟಗಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ 9ನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕದ ಅಭ್ಯಾಸ ಪಾಠ ನನ್ನದಾಗಿತ್ತು. ಶಕ್ತಿಯ ರೂಪಾಂತರ ತೋರಿಸಲು ಸ್ಕ್ವಾಷ್ ಚೆಂಡನ್ನು ಬೋಧನೋಪಕರಣವಾಗಿ ಆರಿಸಿಕೊಂಡೆ. ಮಕ್ಕಳಿಗೆ ಈ ಆಟ ಹೊಸದು. ಆದ್ದರಿಂದ 9.75 ಮೀ. ಉದ್ದ, 6.4 ಮೀ. ಅಗಲದ ಅಂಕಣವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಕೊಡಗು ಮೂಲದ ಜೋಷ್ನಾ ಚಿಣ್ಣಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ ಗೆದ್ದದ್ದನ್ನೂ ಹೇಳಿದೆ.

ಹುಬ್ಬಳ್ಳಿಯ ಅಂಗಡಿಯಲ್ಲಿ “ಎಲ್ಲಕ್ಕಿಂತ ಒಳ್ಳೇದು ಕೊಡ್ರಿ” ಎಂದು ಕೇಳಿ ಚೆಂಡು ತಂದಿದ್ದೆ. ಅದರ ಮೇಲೆ ಎರಡು ಹಳದಿ ಚುಕ್ಕೆ. ಡಿಸೆಂಬರಿನ ಬೆಳಗಿನ ಮೊದಲ ಅವಧಿ. 1 ಮೀಟರ್ ಎತ್ತರದಿಂದ ಬಿಟ್ಟರೆ ಅದು 15 ಸೆಂ.ಮೀ. ಕೂಡ ಪುಟಿಯಲಿಲ್ಲ. “ಸರ, ಇದು ಪಂಚರ್ ಆಗೈತ್ರಿ!” ಎಂದ ಒಬ್ಬ. ತರಗತಿಯೆಲ್ಲ ನಕ್ಕಿತು. ‘ಉಪಕರಣವನ್ನು ಮೊದಲೇ ಪರೀಕ್ಷಿಸಿಲ್ಲ’ ಎಂದು ಮೇಲ್ವಿಚಾರಕರು ವೀಕ್ಷಣಾ ಹಾಳೆಯಲ್ಲಿ ಬರೆದರು. ಸರಿಯಾಗಿಯೇ ಬರೆದರು.

ಚೆಂಡು ಪಂಚರ್ ಆಗಿರಲಿಲ್ಲ, ತಣ್ಣಗಿತ್ತು. ಪ್ರತಿ ಹೊಡೆತಕ್ಕೂ ರಬ್ಬರ್ ಅಮುಕಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ; ಆಗ ಚಲನಶಕ್ತಿಯ ಒಂದು ಭಾಗ ಉಷ್ಣವಾಗುತ್ತದೆ. ಬಿಸಿಯಾದಂತೆ ರಬ್ಬರಿನ ಪುಟಿತ ಹೆಚ್ಚುತ್ತದೆ, ಒಳಗಿನ ಗಾಳಿಯ ಒತ್ತಡವೂ ಏರುತ್ತದೆ. ನುರಿತವರು ಬಿಡದೆ ಜೋರಾಗಿ ಹೊಡೆದು ಈ ಬಿಸಿಯನ್ನು ಕಾಯ್ದುಕೊಳ್ಳುತ್ತಾರೆ. ಹೊಸಬರಿಗೆ ಅದು ಆಗದು. ಚೆಂಡು ನೆಲಕ್ಕಂಟಿದಂತೆ ಉಳಿಯುತ್ತದೆ, ತಪ್ಪು ತಮ್ಮದೇ ಎಂದು ಅವರು ತಿಳಿಯುತ್ತಾರೆ.

ಮರುದಿನ ಬಿಸಿಯೂಟದ ಅಡುಗೆಮನೆಯಿಂದ ಬಿಸಿನೀರು ತರಿಸಿ, ಚೆಂಡನ್ನು ಅದರಲ್ಲಿ ಮುಳುಗಿಸಿ, ಒರೆಸಿ ಬಿಟ್ಟೆವು. ಅಳತೆಪಟ್ಟಿ ಹಿಡಿದಿದ್ದ ಹುಡುಗಿ “ಇಪ್ಪತ್ತೇಳು!” ಎಂದು ಕೂಗಿದಳು. ನಿನ್ನೆ ನಕ್ಕಿದ್ದವನೇ ಎದ್ದು “ಹಂಗಾರ ಬ್ಯಾಸಿಗ್ಯಾಗ ನಮ್ಮೂರಾಗ ಛಲೋ ಪುಟೀತೈತೇನ್ರಿ?” ಎಂದು ಕೇಳಿದ. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ! ಹೌದು, ಪುಟಿಯುತ್ತದೆ.

ಆಯ್ಕೆಯ ಗುಟ್ಟು ಇಷ್ಟೇ: ಆಡುವವನು ಚೆಂಡನ್ನು ಎಷ್ಟು ಬಿಸಿಯಾಗಿ ಇಡಬಲ್ಲ? ಡನ್‌ಲಪ್ ಚೆಂಡುಗಳಲ್ಲಿ ನೀಲಿ ಚುಕ್ಕೆಯದು ಹೊಸಬರಿಗೆ; ಗಾತ್ರ ಶೇ. 12ರಷ್ಟು ದೊಡ್ಡದು, ತಣ್ಣಗಿದ್ದರೂ ಏಳುತ್ತದೆ. ಸ್ವಲ್ಪ ಕಲಿತವರಿಗೆ ಕೆಂಪು, ಆಮೇಲೆ ಒಂದು ಹಳದಿ, ಕೊನೆಗೆ ಎರಡು ಹಳದಿ. ಬ್ಯಾಟು ಮಕ್ಕಳಿಗೆ ಚಿಕ್ಕದು, ಹಗುರದ್ದು ಸಾಕು. ಕಣ್ಣಿನ ರಕ್ಷಣೆಯಲ್ಲಿ ಮಾತ್ರ ಹೊಸಬ, ಹಳಬ ಎಂಬ ಭೇದವಿಲ್ಲ. ಚೆಂಡಿನ ವ್ಯಾಸ 40 ಮಿ.ಮೀ., ಕಣ್ಣಿನ ಗೂಡಿಗೆ ಸರಿಯಾಗಿ ಕೂರುವಷ್ಟು. ಪಾಲಿಕಾರ್ಬೊನೇಟ್ ಕನ್ನಡಕ ಎಲ್ಲರಿಗೂ ಬೇಕು.

ದೈಹಿಕ ಶಿಕ್ಷಕರು ಶಾಲೆಯ ಹಿಂದಿನ ಗೋಡೆಗೆ ಆಡಿಸಿ ನೋಡುತ್ತೇನೆ, ಯಾವ ಚೆಂಡು ತರಲಿ ಎಂದರು. ನೀಲಿಯದು ಎಂದೆ. ಮೊದಲು ಕನ್ನಡಕ ತರಿಸಿರಿ ಎಂದೂ ಹೇಳಿದೆ.